ತಲೆಯ ಹೂವು, ಪಟದ ಹೂವು

ಕೆಲವರಿಗೆ ಕೋಪ ಮೂಗಿನ ತುದಿಯಲ್ಲಿರುತ್ತದೆ. ನನಗೆ ಅಷ್ಟು ದೂರವೂ ಇಲ್ಲ, ನಾಲಿಗೆಯ ಮೇಲೆಯೇ ಚಾಪೆ ಹಾಸಿಕೊಂಡು ಮಲಗಿರುತ್ತದೆ. ಇಂಥವಳನ್ನು ಇಪ್ಪತ್ತಾರನೇ ವಯಸ್ಸಿಗೆ ಮ್ಯಾನೇಜರ್ ಮಾಡಿ ಕೂರಿಸಿದರೆ ಏನಾಗುತ್ತದೆ ಎಂದು ತಿಳಿಯಬೇಕಾದವರು ಶಿಡ್ಲಘಟ್ಟದ ಕಡೆಯ ಒಂದು ಹಳ್ಳಿಗೆ ಹೋಗಿ, ಅಲ್ಲಿನ ಚಾಕಿ ಕೇಂದ್ರದಲ್ಲಿ ನನ್ನ ಮೊದಲ ವರ್ಷ ಹೇಗಿತ್ತು ಎಂದು ವಿಚಾರಿಸಬಹುದು. ಅಷ್ಟು ದೂರ ಹೋಗುವುದು ಬೇಡ, ನಾನೇ ಹೇಳುತ್ತೇನೆ. ಬೇರೆಯವರು ಹೇಳಿದರೆ ಇನ್ನೂ ನಾಲ್ಕು ಸೇರಿಸುತ್ತಾರೆ.

ಚಾಕಿ ಕೇಂದ್ರವೆಂದರೆ ರೇಷ್ಮೆ ಹುಳುಗಳ ಬಾಲವಾಡಿ. ಮೊಟ್ಟೆಯೊಡೆದು ಬಂದ, ಇರುವೆಗಿಂತ ಸಣ್ಣ ಹುಳುಗಳಿಗೆ ಎಂಟು ದಿನ ಎಳೆಯ ಹಿಪ್ಪುನೇರಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕಿ, ಎರಡನೇ ಜ್ವರ ದಾಟಿಸಿ, ರೈತರ ಮನೆಗೆ ಕಳಿಸಿಕೊಡುವುದು ನಮ್ಮ ಕೆಲಸ. ಜ್ವರವೆಂದರೆ ಕಾಯಿಲೆಯಲ್ಲ. ಹುಳು ಮೇಯುವುದನ್ನು ಬಿಟ್ಟು, ತಲೆ ಎತ್ತಿಕೊಂಡು ಒಂದು ದಿನ ಅಲ್ಲಾಡದೆ ಕೂತು, ಹಳೆಯ ಪೊರೆ ಕಳಚುವುದನ್ನು ನಮ್ಮ ಕಡೆ ಹಾಗೆನ್ನುತ್ತಾರೆ. ಇದರಲ್ಲಿ ಒಂದೇ ಒಂದು ಕಿರಿಕಿರಿ. ಎಲ್ಲ ಹುಳುಗಳೂ ಒಟ್ಟಿಗೆ ಜ್ವರಕ್ಕೆ ಕೂರಬೇಕು, ಒಟ್ಟಿಗೆ ಏಳಬೇಕು. ಅರ್ಧ ಮಲಗಿ ಅರ್ಧ ಮೇಯುತ್ತಿದ್ದರೆ ಯಾವ ರೈತನೂ ಆ ತಟ್ಟೆ ಮುಟ್ಟುವುದಿಲ್ಲ.

ನಾನು ದಿನಾ ಬೆಳಿಗ್ಗೆ ಚಿಕ್ಕಬಳ್ಳಾಪುರದಿಂದ ಬಸ್ಸಿನಲ್ಲಿ ಶಿಡ್ಲಘಟ್ಟಕ್ಕೆ ಬರುತ್ತಿದ್ದೆ. ಅಲ್ಲಿಂದ ಕೇಂದ್ರದ ವ್ಯಾನಿನಲ್ಲಿ ಡ್ರೈವರ್ ಭಾಯಿ ಹಳ್ಳಿಗೆ ಕರೆದೊಯ್ಯುತ್ತಿದ್ದರು. ಭಾಯಿ ಶಿಡ್ಲಘಟ್ಟದವರೇ. ಅವರ ಮನೆಯವರೆಲ್ಲ ತಲೆತಲಾಂತರದಿಂದ ಗೂಡು ಬೇಯಿಸಿ ನೂಲು ತೆಗೆಯುವವರು. "ನಮ್ಮನೇಲಿ ಎಲ್ಲಾರೂ ಹುಳ ಸತ್ತ ಮೇಲೆ ಕೆಲಸ ಮಾಡೋರು ಮೇಡಂ, ಜೀವ ಇರೋದನ್ನ ಸಾಗಿಸೋನು ನಾನೊಬ್ನೇ" ಎಂದು ಅವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು.

ಒಳಗೆ ಕೆಲಸಕ್ಕೆ ಐವರು ಹೆಂಗಸರಿದ್ದರು. ಅವರಲ್ಲಿ ಹಿರಿಯರು ಅಕ್ಕ. ವಯಸ್ಸು ನಲವತ್ತೈದರ ಆಸುಪಾಸು. ನಾನು ಹೈಸ್ಕೂಲಿನಲ್ಲಿ ಜಡೆ ಹಾಕಿಕೊಂಡು ಓಡಾಡುತ್ತಿದ್ದ ಕಾಲದಿಂದಲೂ ಹುಳು ನೋಡಿದವರು. ಆ ಜಡೆಯನ್ನು ನಾನು ಆಮೇಲೆ ಕತ್ತರಿಸಿ ಹಾಕಿದ್ದೆ. ಈಗ ಇರುವುದು ಕುತ್ತಿಗೆಗೂ ಮುಟ್ಟದ ಕೂದಲು. "ಒಂದೆಳೆ ಹೂವು ನಿಲ್ಲಲ್ಲವಲ್ಲೇ ಇದ್ರಲ್ಲಿ" ಎಂದು ನನ್ನಮ್ಮ ಇವತ್ತಿಗೂ ಗೊಣಗುತ್ತಾರೆ. ಅಕ್ಕನದು ಇದಕ್ಕೆ ತದ್ವಿರುದ್ಧ. ಸೊಂಟ ಮುಟ್ಟುವ ಜಡೆ, ಅದರಲ್ಲಿ ದಿನವೂ ಒಂದು ಗೇಣು ಕನಕಾಂಬರ. ಹೂವಿನ ಮೇಲೆಯೇ ತಲೆಬಟ್ಟೆ ಕಟ್ಟಿಕೊಂಡು ಒಳಗೆ ಹೋಗುತ್ತಿದ್ದರು.

"ಏನಕ್ಕ, ಅಣ್ಣ ದಿನಾ ತಪ್ಪದೆ ಹೂವು ತಂದ್ಕೊಡ್ತಾರಾ? ಪುಣ್ಯ ಮಾಡಿದೀರ" ಎಂದು ನಾನೊಮ್ಮೆ ರೇಗಿಸಿದ್ದೆ. ಅಕ್ಕ ಸುಮ್ಮನೆ ನಕ್ಕು ಸೊಪ್ಪು ಹೆಚ್ಚಲು ಬಗ್ಗಿದರು. ಉಳಿದ ನಾಲ್ವರು ಮುಖ ಮುಖ ನೋಡಿಕೊಂಡರು. ಅಕ್ಕನಿಗೆ ಈ ವಯಸ್ಸಿನಲ್ಲೂ ಎಂಥ ನಾಚಿಕೆ ಎಂದುಕೊಂಡು ನಾನು ನನ್ನ ಟೇಬಲ್ಲಿಗೆ ಹೋದೆ.

ನನ್ನ ಟೇಬಲ್ಲಿನ ಮೇಲೆ ಒಂದು ಚಾರ್ಟು. ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ಸೊಪ್ಪು ಎಂದು ನಾನೇ ಸ್ಕೇಲು ಇಟ್ಟು ಗೆರೆ ಎಳೆದು ಮಾಡಿದ್ದು. ಡಿಗ್ರಿ ಓದಿದವಳಲ್ಲವೇ! ಅಕ್ಕ ಚಾರ್ಟು ನೋಡುತ್ತಿರಲಿಲ್ಲ. ತಟ್ಟೆಯ ಮೇಲೆ ಬಗ್ಗಿ, ಕಣ್ಣು ಕಿರಿದು ಮಾಡಿ, "ಮೈ ಮಿರಿಮಿರಿ ಅಂತಾವೆ, ನಾಳೆ ಕೂರ್ತಾವೆ" ಅನ್ನುತ್ತಿದ್ದರು. ಅವರು ಹೇಳಿದ ಹೊತ್ತಿಗೇ ಹುಳು ಕೂರುತ್ತಿದ್ದವು. ಹೊಟ್ಟೆಕಿಚ್ಚಿನ ಮಾತೇಕೆ ಮುಚ್ಚಿಡಲಿ, ನನಗೆ ಅದನ್ನು ಸಹಿಸಲಾಗುತ್ತಿರಲಿಲ್ಲ.

ಕೇಂದ್ರದ ಯಜಮಾನರು ಚಿಕ್ಕಬಳ್ಳಾಪುರದವರು. ಪೆರೇಸಂದ್ರದ ಹತ್ತಿರ ಅವರದು ಸೇವಂತಿಗೆ ತೋಟ. ಹುಳುಗಳನ್ನು ತಟ್ಟೆಗೆ ಬಿಡುವ ದಿನ ಒಮ್ಮೆ, ತಟ್ಟೆಗಳನ್ನು ವ್ಯಾನಿಗೆ ಹೇರುವ ದಿನ ಇನ್ನೊಮ್ಮೆ ಬಂದು, ಸಾಕಣೆ ಕೋಣೆಯ ಗೋಡೆಯಲ್ಲಿದ್ದ ದೇವರ ಪಟಕ್ಕೆ ಸ್ವಂತ ತೋಟದ ಹಾರ ಹಾಕಿ, ಕೈಮುಗಿದು ಹೋಗುತ್ತಿದ್ದರು. ಹಾರವೆಂದರೆ ಅಂತಿಂಥದಲ್ಲ, ಹಿಡಿದವರ ಕೈ ನೋಯಬೇಕು, ಹಾಗಿರುತ್ತಿತ್ತು.

ಒಂದು ತಿಂಗಳು ನಮಗೆ ಗ್ರಹಚಾರ ಕಾದಿತ್ತು. ಒಂದು ಬ್ಯಾಚಿನಲ್ಲಿ ನಾಲ್ಕು ತಟ್ಟೆಯ ಹುಳುಗಳು ಹಸಿರು ವಾಂತಿ ಮಾಡಿಕೊಂಡು, ತಲೆ ಅತ್ತಿತ್ತ ಆಡಿಸಿ, ಮುರುಟಿ ಸತ್ತವು. ಅದು ವಿಷ ತಗುಲಿದ ಲಕ್ಷಣ. ರೇಷ್ಮೆ ಹುಳುವಿಗೆ ಕೀಟನಾಶಕದ ಗಾಳಿ ಸೋಕಿದರೂ ಸಾಕು, ಮುಗಿಯಿತು. ಸೊಪ್ಪು ನಮ್ಮ ತೋಟದ್ದೇ, ಅದಕ್ಕೆ ಯಾವ ಔಷಧಿಯನ್ನೂ ಹೊಡೆದಿರಲಿಲ್ಲ. ವಿಷ ಎಲ್ಲಿಂದ ಬಂತೆಂದು ತಿಳಿಯಲೇ ಇಲ್ಲ. ಮುಂದಿನ ಬ್ಯಾಚು ಬಿಡುವಾಗ ಯಜಮಾನರು ತಿರುಪತಿಗೆ ಹೋಗಿದ್ದರು. ಆ ಬ್ಯಾಚಿನ ಐದನೇ ದಿನ ಸಂಜೆ ಅಲ್ಲಿಂದ ವಾಪಸು ಬರುತ್ತಾ ದಾರಿಯಲ್ಲೇ ನನಗೆ ಫೋನಾಯಿಸಿದರು.

"ನೋಡಮ್ಮ, ಈ ಸಲಾನೂ ಹುಳ ಹೋಯ್ತು ಅಂದ್ರೆ ನಾನೇನ್ ಬೈಯಲ್ಲ. ನೀನು ಬೇರೆ ಕಡೆ ಕೆಲಸ ನೋಡ್ಕೊ ಅಷ್ಟೇ."

ಬೈಯುವುದಿಲ್ಲ ಎಂದು ಹೇಳಿ ಬೈಯುವವರ ಬೈಗುಳ ಬಹಳ ಉರಿಯುತ್ತದೆ. ನಾನು ಆ ಸಂಜೆಯೇ ಒಂದು ರಟ್ಟು ತೆಗೆದುಕೊಂಡು, ಕೆಂಪು ಸ್ಕೆಚ್ ಪೆನ್ನಿನಲ್ಲಿ, "ಸೆಂಟು, ಪೌಡರು, ಗುಟ್ಕಾ, ಹೂವು ಕಡ್ಡಾಯವಾಗಿ ನಿಷೇಧ" ಎಂದು ಬರೆದು ಬಾಗಿಲಿಗೆ ಅಂಟಿಸಿದೆ. ಚಿಕ್ಕಬಳ್ಳಾಪುರದ ಸುತ್ತ ಮಾರುವ ಹೂವಿಗೆಲ್ಲ ಔಷಧಿ ಹೊಡೆಯುತ್ತಾರೆ, ಅದು ಹುಳುವಿಗೆ ಆಗುವುದಿಲ್ಲ ಎಂದು ಐವರನ್ನೂ ಕೂರಿಸಿಕೊಂಡು ಎರಡು ನಿಮಿಷ ಹೇಳಬಹುದಿತ್ತು. ಹೇಳಲಿಲ್ಲ. ಬೋರ್ಡ್ ಇದೆಯಲ್ಲ, ಓದಿಕೊಳ್ಳಲಿ.

ಮರುದಿನ ಬೆಳಿಗ್ಗೆ ಬಾಗಿಲಲ್ಲೇ ನಿಂತೆ. ಚಿಕ್ಕವರಿಬ್ಬರು ಮಲ್ಲಿಗೆ ಮುಡಿದು ಬಂದಿದ್ದರು. ಬೋರ್ಡ್ ಓದಿ, ಕಿಸಿಕಿಸಿ ನಕ್ಕು, ಹೂವು ತೆಗೆದು ಜಗಲಿಯ ಮೇಲಿಟ್ಟು ಒಳಗೆ ಹೋದರು. ಕೊನೆಗೆ ಅಕ್ಕ ಬಂದರು. ಬೋರ್ಡ್ ಓದಿದರು. ಓದಿಯೂ ಎಂದಿನಂತೆ ಹೂವಿನ ಮೇಲೆ ತಲೆಬಟ್ಟೆ ಕಟ್ಟಿಕೊಳ್ಳತೊಡಗಿದರು.

"ಅಕ್ಕ, ಅದು ನಿಮ್ಗೂ ಸೇರಿಸೇ ಬರ್ದಿರೋದು. ಹೂವು ತೆಗೀರಿ."

"ಇದು ಅಂಗಡಿ ಹೂವಲ್ಲ ಮೇಡಂ, ನಮ್ಮ..."

"ವಾದ ಬೇಡ ಅಕ್ಕ. ನಿಮ್ಮನ್ನ ನೋಡಿ ತಾನೇ ಬೇರೆಯವರು ಕಲಿಯೋದು? ತೆಗೀರಿ ಮೊದ್ಲು. ತೆಗೆದ್ಮೇಲೆ ಒಳಗ್ ಬನ್ನಿ."

ಅಕ್ಕ ಅಲ್ಲಾಡಲಿಲ್ಲ. ಒಳಗಿನಿಂದ ನಾಲ್ಕು ಜೊತೆ ಕಣ್ಣು ನಮ್ಮನ್ನೇ ನೋಡುತ್ತಿದ್ದವು. ನಾಲ್ಕು ಜನರ ಮುಂದೆ ನನ್ನ ಮಾತು ಬಿದ್ದುಹೋಗುತ್ತಿದೆ ಎಂಬ ಒಂದೇ ಯೋಚನೆ ತಲೆಗೇರಿತು. ನಾನೇ ಕೈ ಚಾಚಿ ಅವರ ಜಡೆಯ ಕಡೆಗೆ ಹೋದೆ.

ಅಕ್ಕ ಎರಡು ಹೆಜ್ಜೆ ಹಿಂದೆ ಸರಿದರು. ಅವರ ಮುಖ ಸುಣ್ಣ ಬಳಿದಂತಾಗಿತ್ತು. ತಲೆಬಟ್ಟೆ ಬಿಚ್ಚಿ, ನಾಲ್ಕು ಮಡಿಕೆ ಮಾಡಿ, ನನ್ನ ಕೈಗೆ ಕೊಟ್ಟು, ಬಂದ ದಾರಿಯಲ್ಲೇ ಹೊರಟರು. ಹೂವು ತಲೆಯಲ್ಲೇ ಇತ್ತು.

ಒಂದು ಗೇಣು ಹೂವಿಗೆ ಇಷ್ಟು ಕೋಪವೇ ಎಂದು ನನಗೆ ಮೈಯೆಲ್ಲ ಉರಿಯಿತು. ನನ್ನನ್ನು ಬಿಟ್ಟರೆ ಇಲ್ಲಿ ಹುಳು ಏಳುವುದಿಲ್ಲ ಎಂಬ ಜಂಬ ಇದು, ಇಳಿಸಬೇಕು ಎಂದುಕೊಂಡೆ. ಕೂತು ಒಂದು ನೋಟಿಸು ಬರೆದೆ. "ತಮ್ಮ ವಿರುದ್ಧ ಶಿಸ್ತುಕ್ರಮ ಏಕೆ ಜರುಗಿಸಬಾರದು ಎಂಬುದಕ್ಕೆ ಇಪ್ಪತ್ನಾಲ್ಕು ಗಂಟೆಯೊಳಗಾಗಿ ಲಿಖಿತ ಸಮಜಾಯಿಷಿ ನೀಡತಕ್ಕದ್ದು." ಎಲ್ಲಿಂದ ಬಂತೋ ಆ ಭಾಷೆ! ಅಕ್ಕನ ಮನೆ ಇದ್ದದ್ದು ಎರಡು ಬೀದಿ ಆಚೆ. ಅಷ್ಟು ದೂರಕ್ಕೊಂದು ನೋಟಿಸು, ಆ ನೋಟಿಸಿಗೊಂದು ಕವರು, ಆ ಕವರಿಗೊಬ್ಬ ಡ್ರೈವರು.

ಭಾಯಿ ಕವರನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. "ಮೇಡಂ, ಇದನ್ನ ತಗೊಂಡೋದ್ರೆ ಆ ಮನೇಲಿ ನಂಗೆ ಟೀ ಸಿಗಲ್ಲ."

"ಟೀ ನಾನು ಕುಡಿಸ್ತೀನಿ. ಕೊಟ್ಟು ಬನ್ನಿ."

ಅರ್ಧ ಗಂಟೆಗೆ ಭಾಯಿ ವಾಪಸು ಬಂದರು. ಟೀ ಸಿಕ್ಕಿತಾ ಎಂದು ಕೇಳಿದೆ. "ಸಿಕ್ತು ಮೇಡಂ, ಸಕ್ಕರೆ ಕಮ್ಮಿ ಇತ್ತು" ಎಂದು ಅದೇ ಕವರನ್ನು ನನಗೆ ಮರಳಿಸಿದರು. ತೆಗೆದು ನೋಡಿದರೆ ನನ್ನ ನೋಟಿಸಿನ ಬೆನ್ನಿಗೆ ಅಕ್ಕ ಗುಂಡುಗುಂಡಾದ ಅಕ್ಷರದಲ್ಲಿ ಉತ್ತರ ಬರೆದಿದ್ದರು. ಜಗಳದ ಬಗ್ಗೆ ಒಂದಕ್ಷರವಿರಲಿಲ್ಲ. "ಹುಳ ನಾಳೆ ಬೆಳಿಗ್ಗೆ ಜ್ವರಕ್ಕೆ ಕೂರುತ್ತೆ. ಸಾಯಂಕಾಲ ಸೊಪ್ಪು ತೆಳ್ಳಗೆ ಹಾಕಿ" ಎಂದಷ್ಟೇ ಇತ್ತು.

ಬುದ್ಧಿ ಇರುವವಳಾಗಿದ್ದರೆ ಆ ಕಾಗದಕ್ಕೆ ಕೈಮುಗಿಯುತ್ತಿದ್ದೆ. ನನ್ನ ಚಾರ್ಟಿನ ಪ್ರಕಾರ ಹುಳು ಕೂರಬೇಕಾದದ್ದು ಮರುದಿನ ಸಂಜೆಗೆ. ಮನೆಗೆ ಹೋದವರು ಹೇಳಿದ್ದನ್ನು ಕೇಳುವುದೇ? ಆ ಸಂಜೆ ಬೇಕೆಂದೇ ಚಾರ್ಟಿನಲ್ಲಿದ್ದಷ್ಟೂ ಸೊಪ್ಪು ದಪ್ಪಗೆ ಹಾಕಿಸಿ, ಎದೆ ಸೆಟೆಸಿಕೊಂಡು ಚಿಕ್ಕಬಳ್ಳಾಪುರದ ಬಸ್ಸು ಹತ್ತಿದೆ.

ಮರುದಿನ ಬೆಳಿಗ್ಗೆ ಬಂದವಳೇ ತಟ್ಟೆಗಳ ಮುಂದೆ ನಿಂತೆ. ಮುಕ್ಕಾಲು ಪಾಲು ಹುಳುಗಳು ಆಗಲೇ ಜ್ವರಕ್ಕೆ ಕೂತಿದ್ದವು, ಅದೂ ನಾನು ಹಾಕಿಸಿದ ದಪ್ಪ ಸೊಪ್ಪಿನ ಅಡಿಯಲ್ಲಿ ಹೂತು. ಉಳಿದ ಕಾಲು ಪಾಲು ಮೇಲೆ ನೆಮ್ಮದಿಯಾಗಿ ಮೇಯುತ್ತಿದ್ದವು. ತಿನ್ನದೆ ಉಳಿದ ಸೊಪ್ಪು ಒದ್ದೆಯಾಗಿ ಬೆಚ್ಚಗಾಗಿತ್ತು. ಹಾಗೇ ಬಿಟ್ಟರೆ ಅಡಿಯವು ಕೊಳೆಯುತ್ತವೆ, ಕಲಕಿದರೆ ಜ್ವರದ ಹುಳು ನೋಯುತ್ತವೆ. ಮರುದಿನ ಹತ್ತು ಗಂಟೆಗೆ ಯಜಮಾನರು ಬರುವವರಿದ್ದರು, ಹುಳುವಿಗಾಗಿ ರೈತರು ಕಾದಿದ್ದರು. ನನ್ನ ಕೆಲಸ ಹೋದಂತೆಯೇ ಎಂದು ಕಣ್ಣಲ್ಲಿ ನೀರೇ ಬಂತು. ಕಣ್ಣೀರಿಗಿಂತ ನಾಚಿಕೆ ಹೆಚ್ಚಿತ್ತು.

"ಏನ್ ಮಾಡೋದೀಗ?" ಎಂದು ನಾಲ್ವರ ಕಡೆ ತಿರುಗಿದೆ. ಅವರಲ್ಲಿ ಒಬ್ಬಳು ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟು ಹೇಳಿದಳು, "ಅಕ್ಕನ್ನ ಕೇಳಿ ಮೇಡಂ. ನಮ್ಮನ್ ಕೇಳಿದ್ರೆ ಏನ್ ಹೇಳಣ?"

ಎರಡು ಬೀದಿ ನಡೆದೆ. ವ್ಯಾನು, ಕವರು ಯಾವುದೂ ಬೇಕಾಗಲಿಲ್ಲ.

ಅಕ್ಕನ ಮನೆ ಮುಂದೆ ಒಂದಾಳೆತ್ತರದ ಕಾಂಪೌಂಡು, ಅದಕ್ಕೆ ಒರಗಿಕೊಂಡು ಕನಕಾಂಬರದ ನಾಲ್ಕೈದು ಗಿಡ. ಪಾತ್ರೆ ತೊಳೆದ ನೀರು ಒಂದು ಸಣ್ಣ ಕಾಲುವೆ ಹಿಡಿದು ಗಿಡಗಳ ಬುಡಕ್ಕೆ ಹೋಗುತ್ತಿತ್ತು. ಅಕ್ಕ ಬಾಗಿಲಿಗೆ ಬಂದು, ಏನೂ ಆಗಿಯೇ ಇಲ್ಲವೆಂಬಂತೆ, "ಬನ್ನಿ ಮೇಡಂ, ಕೂತ್ಕೊಳಿ" ಎಂದು ಚಾಪೆ ಹಾಕಿದರು. ಕೂತು ತಲೆ ಎತ್ತಿದೆ. ಎದುರು ಗೋಡೆಯಲ್ಲಿ ಮೀಸೆ ಬಿಟ್ಟ ಒಬ್ಬರ ಫೋಟೋ, ಅದಕ್ಕೆ ಕುಂಕುಮದ ಬೊಟ್ಟು, ಮಾಸಿದ ಪ್ಲಾಸ್ಟಿಕ್ ಹಾರ.

ಅಣ್ಣ ದಿನಾ ಹೂವು ತಂದ್ಕೊಡ್ತಾರಾ ಎಂದು ಕೇಳಿದವಳು ನಾನೇ. ಹೂವು ಮುಡಿದಿದ್ದಾರೆ ಎಂದರೆ ಗಂಡ ಇರಲೇಬೇಕು ಎಂದುಕೊಂಡವಳೂ ಡಿಗ್ರಿ ಓದಿದ, ಕೂದಲು ಕತ್ತರಿಸಿಕೊಂಡ, ನಾನೇ. ನೆಲ ಬಾಯಿಬಿಡಬಾರದೇ ಎನ್ನಿಸಿತು.

ಅಕ್ಕ ನನ್ನ ಕಣ್ಣು ಹೋದ ಕಡೆ ನೋಡಿದರು. "ಹನ್ನೊಂದು ವರ್ಷ ಆಯ್ತು ಅವ್ರು ಹೋಗಿ. ಈ ಅಂಗಳದಲ್ಲೇ ಕೂರಿಸಿದ್ರು ನನ್ನ. ನಮ್ಮತ್ತೆ ಇಂಗೇ ಕೈ ಚಾಚಿ, ಹೂವು ತೆಗಿ ಅಂದ್ರು. ತೆಗೆದೆ. ಆಮೇಲೆ ಮುಟ್ಟಿರ್ಲಿಲ್ಲ."

"ಮತ್ತೆ ಈಗ..." ಎಂದು ನಾನು ತೊದಲಿದೆ.

"ನನ್ ಮಗಳು. ಈ ವರ್ಷ ಮದುವೆ ಆಯ್ತಲ್ಲ, ಗೌರಿಬಿದನೂರಿಗೆ ಕೊಟ್ವಿ. ಅಮ್ಮ ಹೂವು ಮುಡೀದೆ ನಾನು ಹಸೆಮೇಲೆ ಕೂರಲ್ಲ ಅಂತ ಹಟ ಹಿಡಿದ್ಲು. ಮುಹೂರ್ತ ಮೀರ್ತೈತೆ ಅಂತ ಗಂಡಿನ ಕಡೆಯವ್ರೇ ನಂಗೆ ಹೂವು ತಂದ್ಕೊಟ್ರು." ಅಕ್ಕ ನಕ್ಕರು. "ಹೋಗೋ ಮುಂಚೆ ಈ ಗಿಡ ನೆಟ್ಟೋದ್ಲು. ದಿನಾ ಸಾಯಂಕಾಲ ವಿಡಿಯೋ ಕಾಲ್ ಮಾಡಿ, ಎಲ್ಲಿ ತಲೆ ತಿರುಗ್ಸು ನೋಡಣ ಅಂತಾಳೆ. ಹೂವು ಇಲ್ದಿದ್ರೆ ಜಗಳ. ಊರಲ್ಲೂ ಮೊದಮೊದ್ಲು ಆಡ್ಕೊಂಡ್ರು. ಈಗ ಸಾಕಾಗಿ ಸುಮ್ಮನಾಗವ್ರೆ."

ಆಮೇಲೆ ನಗು ನಿಲ್ಲಿಸಿ ಹೇಳಿದರು, "ಮೊನ್ನೆವರ್ಗೂ ಎಲ್ಲ ಚೆನ್ನಾಗಿತ್ತು. ನಿನ್ನೆ ನೀವು ನಾಲ್ಕು ಜನರ ಮುಂದೆ ಕೈ ಚಾಚ್ದಾಗ ನಂಗೆ ಹುಳನೂ ಕಾಣಿಸ್ಲಿಲ್ಲ, ನಿಮ್ ಬೋರ್ಡೂ ಕಾಣಿಸ್ಲಿಲ್ಲ ಮೇಡಂ. ನಮ್ಮತ್ತೇನೇ ಕಂಡ್ರು."

 "ತಪ್ಪಾಯ್ತು ಅಕ್ಕ" ಎಂದೆ. ಜೀವನದಲ್ಲಿ ಎಷ್ಟೋ ಸಲ ಸಾರಿ ಅಂದಿದ್ದೇನೆ. ತಪ್ಪಾಯ್ತು ಎಂಬ ಮಾತನ್ನು ಬಾಯಿಬಿಟ್ಟು ಆಡಿದ್ದು ಅದೇ ಮೊದಲಿರಬೇಕು. "ಔಷಧಿ ಹೊಡೆದ ಹೂವಿಂದ ಹುಳಕ್ಕೆ ವಿಷ ಆಗುತ್ತೆ ಅಂತ ಬೋರ್ಡ್ ಬರ್ದೆ. ಹೋದ ತಿಂಗಳು ನಾಲ್ಕು ತಟ್ಟೆ ಹೋಯ್ತಲ್ಲ, ಅದಕ್ಕೆ."

"ಯಾವ ನಾಲ್ಕು ತಟ್ಟೆ ಅಂತ ನೋಡಿದ್ರಾ?"

ನೋಡಿರಲಿಲ್ಲ. ಎಷ್ಟು ತಟ್ಟೆ ಎಂದು ಬರೆದುಕೊಂಡಿದ್ದೆ, ಎಲ್ಲಿಯವು ಎಂದು ಬರೆದಿರಲಿಲ್ಲ.

"ದೇವರ ಪಟದ ಕೆಳಗಿನ ಸ್ಟ್ಯಾಂಡಿನವು. ಮೇಲಿನ ನಾಲ್ಕು ತಟ್ಟೆ. ಆ ಹಾರದಿಂದ ದಳ ಉದುರಿ ತಟ್ಟೇಲಿ ಬಿದ್ದಿತ್ತು, ನಾನೇ ಆರಿಸಿ ತೆಗೆದೆ."

 ಯಜಮಾನರ ಸೇವಂತಿಗೆ! ಅದಕ್ಕೆ ವಾರಕ್ಕೊಮ್ಮೆ ಔಷಧಿ ಹೊಡೆಯುತ್ತಾರೆ ಎಂದು ಅವರೇ ಹೇಳಿಕೊಂಡಿದ್ದರು. ಆ ಸಲ ಬಹುಶಃ ಹಿಂದಿನ ದಿನವೇ ಹೊಡೆದಿದ್ದರೋ ಏನೋ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುತ್ತಾರಲ್ಲ, ನಾನು ಮಾಡಿದ್ದು ಚಾಚೂ ತಪ್ಪದೆ ಅದನ್ನೇ. ಪಾತ್ರೆ ತೊಳೆದ ನೀರು ಕುಡಿದು ಬೆಳೆದ ಹೂವಿಗೆ ಬರೆ ಹಾಕಿದ್ದೆ.

"ಇಷ್ಟು ಗೊತ್ತಿದ್ದೂ ಯಾಕಕ್ಕ ನಂಗೆ ಹೇಳಲಿಲ್ಲ?"

"ನೀವು ಕೇಳಿದ್ರಾ? ನೀವು ಬೋರ್ಡ್ ಬರೆದ್ರಿ." ಅಕ್ಕ ಇದನ್ನು ಬೇಸರದಿಂದೇನೂ ಹೇಳಲಿಲ್ಲ. "ಇನ್ನ ಯಜಮಾನ್ರಿಗೆ ಹೇಳೋಕೆ ನಾನ್ಯಾರು? ಪಟದ ಹೂವು ಒಳಗೆ ಹೋಗ್ಬೌದು, ನನ್ ತಲೆ ಹೂವು ಹೋಗ್ಬಾರ್ದು. ಅದೇ ನಂಗೆ ಹೊಟ್ಟೆ ಉರಿದಿದ್ದು."

ಅಡುಗೆಮನೆಗೆ ಹೋಗಿ ಟೀ ತಂದರು. ಸಕ್ಕರೆ ಸರಿಯಾಗಿತ್ತು. ನಾನು ಕುಡಿದು ಮುಗಿಸುವವರೆಗೂ ಕಾದು, ಆಮೇಲೆ ಕೇಳಿದರು, "ಹುಳ ಎಂಗೈತೆ?"

ಹೇಳಿದೆ. ಒಂದನ್ನೂ ಮುಚ್ಚಿಡಲಿಲ್ಲ. ಅಕ್ಕ ಹಣೆ ಚಚ್ಚಿಕೊಂಡು, "ಅಯ್ಯೋ ರಾಮ! ನನ್ ಮೇಲಿನ ಕೋಪ ಅವುಗಳ ಮೇಲೆ ತೀರಿಸ್ಕೊಂಡ್ರಲ್ಲಮ್ಮ" ಎಂದು ಎದ್ದೇಬಿಟ್ಟರು. ಮೇಡಂ ಹೋಗಿ ಅಮ್ಮ ಆದದ್ದನ್ನು ನಾನು ಗಮನಿಸಿದೆ.

ಹೊರಡುವ ಮುಂಚೆ ಬಾಗಿಲಲ್ಲಿ ನಿಂತು ಒಂದು ಮಾತು ಹೇಳಿದರು. "ಹೂವು ಆಚೆ ಬಿಟ್ಟೇ ಒಳಗೆ ಬರ್ತೀನಿ. ಯಾರ ಹೂವು ಮನೇದು, ಯಾರ್ದು ಅಂಗಡೀದು ಅಂತ ದಿನಾ ಯಾರು ಮೂಸಿ ನೋಡ್ತಾರೆ? ಎಲ್ಲಾರ್ದೂ ಆಚೆ ಇರ್ಲಿ. ಆದ್ರೆ ಎಲ್ಲಾರ್ದೂ ಅಂದ್ರೆ ಎಲ್ಲಾರ್ದೂ. ನಾಳೆ ಯಜಮಾನ್ರ ಹಾರನೂ ಆಚೇನೇ ಇರ್ಬೇಕು. ಅದನ್ನ ಹೇಳೋದು ನನ್ ಕೆಲಸ ಅಲ್ಲ, ನಿಮ್ದು."

ನಾನು ಆಗಲಿ ಎಂದೆ.

ಭಾಯಿ ಕೇಂದ್ರದ ಜಗಲಿಯ ಗೋಡೆಗೆ, ಕುಡಿಯುವ ನೀರಿನ ಮಡಕೆಯ ಮೇಲುಗಡೆ, ಸಾಲಾಗಿ ಮೊಳೆ ಹೊಡೆದರು. ಅಕ್ಕ ಜಡೆಯಿಂದ ಕನಕಾಂಬರವನ್ನು ತಾವೇ ತೆಗೆದು ಮೊದಲನೆಯ ಮೊಳೆಗೆ ನೇತುಹಾಕಿ, ಅದರ ಮೇಲೊಂದು ಒದ್ದೆ ಬಟ್ಟೆ ಹೊದಿಸಿ, ಕೈ ತೊಳೆದು ಒಳಗೆ ಬಂದರು. ಮೇಯುತ್ತಿದ್ದ ಹುಳುಗಳ ಮೇಲೆ ಎಳೆಯ ಸೊಪ್ಪನ್ನು ಹಗುರವಾಗಿ ಹರಡಿದರು. ಹಿಂದುಳಿದವು ಹಸಿವಿಗೆ ಆ ಸೊಪ್ಪಿಗೆ ಹತ್ತಿಕೊಂಡವು. ಸೊಪ್ಪಿನ ಸಮೇತ ಅವನ್ನೆತ್ತಿ ಬೇರೆ ತಟ್ಟೆಗೆ ಹಾಕಿದರು. ಜ್ವರಕ್ಕೆ ಕೂತವುಗಳ ಮೇಲೆ ಸುಣ್ಣದ ಪುಡಿ ಉದುರಿಸಿ, ಕಿಟಕಿ ತೆರೆಸಿ, ಹುಳುಗಳ ಕೆಳಗಿನ ಸೊಪ್ಪಿನ ಹಾಸಿಗೆ ಒಣಗಿಸಿದರು. ಸಂಜೆಯವರೆಗೂ ನಾನು ಅವರ ಹಿಂದೆ ಹಿಂದೆ ತಟ್ಟೆ ಹಿಡಿದು ಓಡಾಡಿದೆ. ಏಕೆ, ಹೇಗೆ ಎಂದು ಕೇಳಿದೆ. ಕೇಳಿದ್ದಕ್ಕೆಲ್ಲ ಉತ್ತರ ಸಿಕ್ಕಿತು, ಕೆಲವಕ್ಕೆ ಬೈಗುಳವೂ ಸಿಕ್ಕಿತು. "ನೀವು ಹಾಕ್ಕೊಂಡು ಬರೋ ಶಾಂಪು ಘಮಘಮ ಅಂತೈತಲ್ಲ, ಅದು ಬೋರ್ಡಲ್ಲಿ ಯಾಕಿಲ್ಲ?" ಎಂದಾಗ ಉಳಿದ ನಾಲ್ವರೂ ಬಿದ್ದು ಬಿದ್ದು ನಕ್ಕರು. ಆವತ್ತಿನಿಂದ ನನ್ನ ತಲೆಗೆ ಸೀಗೇಕಾಯಿ.

ಮಾರನೇ ದಿನ ಹತ್ತು ಗಂಟೆಗೆ ಯಜಮಾನರ ಕಾರು ನಿಂತಿತು. ಬಿಳಿ ಶರ್ಟು, ಹಣೆಯಲ್ಲಿ ನಾಮ, ಎರಡೂ ಕೈಯಲ್ಲಿ ಬಾಳೆಲೆ, ಬಾಳೆಲೆಯ ಮೇಲೆ ಹೆಬ್ಬಾವಿನಂಥ ಹಳದಿ ಹಾರ. ನಾನು ಬಾಗಿಲಿಗೆ ಅಡ್ಡ ನಿಂತಿದ್ದೆ.  ಕೆಲಸ ಹೋದರೆ ಮನೆಯಲ್ಲಿ ಏನು ಹೇಳುವುದು ಎಂಬುದನ್ನೂ ಬಸ್ಸಿನಲ್ಲಿ ಯೋಚಿಸಿಟ್ಟುಕೊಂಡೇ ಬಂದಿದ್ದೆ.

"ಸಾರ್, ಹೂವು ಆಚೆ ಇಡ್ಬೇಕು."

"ದೇವರಿಗಮ್ಮ ಇದು."

"ಗೊತ್ತು ಸಾರ್. ಒಳಗೆ ಯಾರ ಹೂವನ್ನೂ ಬಿಡ್ತಿಲ್ಲ."

ಯಜಮಾನರ ಹುಬ್ಬು ಮೇಲೇರಿತು. ನನ್ನ ಭುಜದ ಮೇಲಿಂದ ಒಳಗಿದ್ದ ಹೆಂಗಸರನ್ನು ಒಬ್ಬೊಬ್ಬರಾಗಿ ನೋಡಿ ಕೇಳಿದರು, "ಯಾರ್ ಹೇಳ್ಕೊಟ್ಟಿದ್ದು ನಿಂಗೆ ಇದನ್ನ?"

ಅಕ್ಕನ ಹೆಸರು ಹೇಳಿಬಿಟ್ಟರೆ ನಾನು ಪಾರು. ಆ ಉತ್ತರ ನಾಲಿಗೆಯ ತುದಿಯವರೆಗೂ ಬಂದಿತ್ತು, ಸುಳ್ಳೇಕೆ ಹೇಳಲಿ. ಹಿಂದೆ ಸೊಪ್ಪು ಹೆಚ್ಚುವ ಸದ್ದು ನಿಂತುಹೋಯಿತು.

"ಯಾರೂ ಹೇಳ್ಕೊಟ್ಟಿಲ್ಲ ಸಾರ್. ರೂಲ್ ನಂದು. ಹೋದ ತಿಂಗಳು ಸತ್ತಿದ್ದು ಪಟದ ಕೆಳಗಿನ ತಟ್ಟೆ ಹುಳ."

"ಅಂದ್ರೆ? ನನ್ ತೋಟದ ಹೂವಲ್ಲಿ ವಿಷ ಐತೆ ಅಂ‌ತೀಯಾ?"

"ಔಷಧಿ ಹೊಡೀತೀರಲ್ಲ ಸಾರ್."

"ಹೊಡೀದೆ ಇದ್ರೆ ಸೇವಂತಿಗೆ ಬರ್ತದೇನಮ್ಮ!" ಎಂದು ಗುಡುಗಿದವರು ತಮ್ಮ ಮಾತು ತಮಗೇ ಕೇಳಿಸಿದಂತೆ ಅಲ್ಲಿಗೇ ನಿಂತರು. ಹಾರ ನೋಡಿದರು, ತಟ್ಟೆಗಳ ಕಡೆ ನೋಡಿದರು. ಅವರೂ ರೈತರೇ. ಔಷಧಿ ಎಂದರೇನು ಎಂದು ಅವರಿಗೆ ನಾನು ಪಾಠ ಹೇಳಬೇಕಾಗಿರಲಿಲ್ಲ. ಆದರೆ ಅಷ್ಟು ದೊಡ್ಡ ಹಾರ ಹಿಡಿದು, ಅಷ್ಟು ಜನರ ಮುಂದೆ, ಹಿಂದಕ್ಕೂ ಹೋಗಲಾಗದೆ ಮುಂದಕ್ಕೂ ಬರಲಾಗದೆ ನಿಂತಿದ್ದರು. ಆ ಕ್ಷಣ ಅವರ ಮುಖ ನೋಡಿ ನನಗೆ ಅಯ್ಯೋ ಅನ್ನಿಸಿತು. ಎರಡು ದಿನದ ಹಿಂದೆ ಇದೇ ಬಾಗಿಲಲ್ಲಿ ಇನ್ನೊಬ್ಬರನ್ನು ನಾನು ಹೀಗೇ ನಿಲ್ಲಿಸಿದ್ದೆ.

ಅಷ್ಟರಲ್ಲಿ ಅಕ್ಕ ನನ್ನ ಪಕ್ಕದಲ್ಲಿ ಹಾದು ಜಗಲಿಗೆ ಬಂದರು. ಗೋಡೆಯ ಎರಡನೇ ಮೊಳೆ ತೋರಿಸಿ, ತೀರಾ ಸಹಜವಾಗಿ ಹೇಳಿದರು, "ಇಲ್ಲಿ ಹಾಕಿ ಯಜಮಾನ್ರೇ. ನಂದೂ ಇಲ್ಲೇ ಐತೆ."

"ಪಟಾನೇ ಆಚೆ ತಂದ್ರೆ ಆಯ್ತಲ್ಲ ಸಾರ್" ಎಂದರು ವ್ಯಾನಿನ ಹತ್ತಿರವಿದ್ದ ಭಾಯಿ. "ದೇವ್ರಿಗೂ ಸ್ವಲ್ಪ ಗಾಳಿ ಆಡುತ್ತೆ."

ಯಜಮಾನರಿಗೆ ನಗು ಬಂತೋ ಕೋಪ ಬಂತೋ ತಿಳಿಯಲಿಲ್ಲ. ಮೂಗಿನಿಂದ ಒಂದು ಥರದ ಸದ್ದು ಮಾಡಿದರು. ಭಾಯಿ ಇನ್ನೊಂದು ಗಟ್ಟಿ ಮೊಳೆ ಹೊಡೆದರು, ಪಟ ಜಗಲಿಗೆ ಬಂತು, ಹಾರ ಪಟಕ್ಕೆ ಬಿತ್ತು. ಅದರ ಪಕ್ಕದಲ್ಲೇ ಒಂದು ಗೇಣು ಕನಕಾಂಬರ ನೇತಾಡುತ್ತಿತ್ತು. ತಟ್ಟೆಗಳು ಒಂದೊಂದಾಗಿ ಹೊರಬಂದವು. ಒಟ್ಟಿಗೆ ಎದ್ದ ಹುಳುಗಳನ್ನು ನೋಡಿ ರೈತರು ತಕರಾರಿಲ್ಲದೆ ತೆಗೆದುಕೊಂಡು ಹೋದರು. ಹಿಂದುಳಿದ ಕಾಲು ಪಾಲನ್ನು ಒಂದು ದಿನ ತಡವಾಗಿ ಕೆಂಚಾರ್ಲಹಳ್ಳಿಯ ಕಡೆಯವರೊಬ್ಬರು ಒಯ್ದರು. ಯಜಮಾನರು ನನ್ನ ಮೇಲಿನ ಮುನಿಸನ್ನು ಅಷ್ಟು ಬೇಗ ಬಿಡಲಿಲ್ಲ. ಒಂದು ವಾರ ನನ್ನ ಫೋನಿಗೆಲ್ಲ ಬರೀ ಹೂಂ ಎಂದರು. ಕೆಲಸದಿಂದ ತೆಗೆಯುವ ಮಾತು ಮಾತ್ರ ಮತ್ತೆ ಎತ್ತಲಿಲ್ಲ.

ಆ ದಿನ ಸಂಜೆ ಕೆಲಸ ಮುಗಿಸಿ ಎಲ್ಲರೂ ಜಗಲಿಯಲ್ಲಿ ಕೈಕಾಲು ತೊಳೆಯುತ್ತಿದ್ದೆವು. ಚಿಕ್ಕವರಿಬ್ಬರು ತಮ್ಮ ತಮ್ಮ ಮೊಳೆಯಿಂದ ಮಲ್ಲಿಗೆ ತೆಗೆದುಕೊಂಡು ಒಬ್ಬರಿಗೊಬ್ಬರು ಮುಡಿಸಿಕೊಂಡರು. ಅಕ್ಕ ತಮ್ಮ ಕನಕಾಂಬರ ಇಳಿಸಿಕೊಂಡರು. ಒದ್ದೆ ಬಟ್ಟೆಯ ಕೆಳಗೆ ಅದು ಬಾಡಿರಲಿಲ್ಲ. ಎದುರಿಗಿದ್ದ ನನ್ನನ್ನು ನೋಡಿ, ನಮ್ಮ ಕಡೆ ಯಾರಾದರೂ ಮಾಡುವಂತೆ, ಅರ್ಧಕ್ಕೆ ದಾರ ಕಡಿದು ಒಂದು ತುಂಡನ್ನು ನನ್ನ ಕಡೆಗೆ ಚಾಚಿದರು. ಚಾಚಿದ ಕೈ ಅರ್ಧದಲ್ಲೇ ನಿಂತಿತು. ಗಂಡನನ್ನು ಕಳೆದುಕೊಂಡ ಹೆಂಗಸು ಇನ್ನೊಬ್ಬರ ತಲೆಗೆ ಹೂವು ಮುಡಿಸುವುದಿಲ್ಲ, ಅದರಲ್ಲೂ ಮದುವೆಯಾಗದ ಹುಡುಗಿಗೆ. ತಾವು ಮುಡಿಯುವ ಧೈರ್ಯ ಮಾಡಿದ್ದ ಅಕ್ಕ ಅಲ್ಲಿಯವರೆಗೂ ಹೋಗಿರಲಿಲ್ಲ. ಚಿಕ್ಕವರ ನಗು ನಿಂತಿತು. ಅಕ್ಕ ಕೈಯನ್ನು ಮೆಲ್ಲಗೆ ಹಿಂದಕ್ಕೆಳೆದುಕೊಳ್ಳತೊಡಗಿದರು.

ನಾನು ಅವರಿಗೆ ಬೆನ್ನು ಮಾಡಿ, ಮೊಣಕಾಲು ಮಡಿಸಿ, ಅವರ ಕೈಗೆ ಎಟುಕುವಷ್ಟು ತಗ್ಗಿ ನಿಂತೆ.

"ಮುಡಿಸಿ ಅಕ್ಕ."

 ಹಿಂದಿನಿಂದ ಅಕ್ಕನ ದನಿ ಕೇಳಿತು, ಒದ್ದೆಯಾಗಿತ್ತು, "ಈ ಕೂದ್ಲಿಗಾ? ಎಲ್ಲಿ ಸಿಕ್ಕಿಸ್ಲಿ ಇದನ್ನ, ಕಿವಿಗಾ?" ತಮ್ಮ ಜಡೆಯಿಂದಲೇ ಎರಡು ಹೇರ್‌ಪಿನ್ನು ಕಿತ್ತು, ಅವರ ಬೆರಳುಗಳು ನನ್ನ ಗಿಡ್ಡ ಕೂದಲಲ್ಲಿ ಬಹಳ ಹೊತ್ತು ಜಾಗ ಹುಡುಕಿದವು.

ಶಿಡ್ಲಘಟ್ಟದಲ್ಲಿ ಬಸ್ಸು ಹತ್ತಿದಾಗಲೇ ಒಂದು ಪಿನ್ನು ಜಾರಿತ್ತು. ಅಲ್ಲಿಂದ ಚಿಕ್ಕಬಳ್ಳಾಪುರದವರೆಗೂ ನಾನು ಒಂದು ಕೈಯನ್ನು ತಲೆಯ ಮೇಲೆ ಒತ್ತಿ ಹಿಡಿದುಕೊಂಡೇ ಕೂತಿದ್ದೆ. ಪಕ್ಕದ ಸೀಟಿನ ಅಜ್ಜಿ ನೋಡಿ ನೋಡಿ ಕಡೆಗೆ ಕೇಳಿದರು, "ಯಾಕಮ್ಮ, ತಲೆನೋವಾ?"

"ಇಲ್ಲ ಅಜ್ಜಿ, ಹೂವು" ಎಂದೆ.